ಶನಿಯ ಚಂದ್ರನ ಮರಳು ಒಣಗಿಸುವ ಕಿನ್ನಿಯಕ್ಕ

ಬೆಳಗ್ಗೆ ಆರೂ ಮುಕ್ಕಾಲು. ಕಾಲೇಜಿನ ಹಿಂಬದಿಯ ಜಗಲಿಯಲ್ಲಿ ಕಿನ್ನಿ ಕಾಲು ಚಾಚಿ ಕೂತಿದ್ದಾರೆ. ಕೈಯಲ್ಲಿ ಗೆರಸೆ, ಅಕ್ಕಿ ಕೇರುವ ಮೊರ. ಅದರಲ್ಲಿರುವುದು ಅಕ್ಕಿಯಲ್ಲ, ಕಾಫಿ ಹುಡಿಯ ಬಣ್ಣದ ಸಣ್ಣ ಕಾಳು. ಮಣಿಕಟ್ಟು ಚೂರೇ ಚೂರು ಮೇಲೆದ್ದು ಇಳಿಯುತ್ತದೆ. ಹುಡಿ ಗೇಣುದ್ದ ಹಾರಿ ಮತ್ತೆ ಗೆರಸೆಗೇ ಬೀಳುತ್ತದೆ, ದೂಳು ಮಾತ್ರ ಅಂಚು ದಾಟಿ ಆಚೆ ಹೋಗುತ್ತದೆ. ಬಿಸಿಲು ಏರಿ ಕಡಲಗಾಳಿ ಏಳುವ ಮೊದಲು ನಾಲ್ಕು ಕಿಲೋ ಮುಗಿಯಬೇಕು. ಗಾಳಿ ಎದ್ದರೆ ಒಳ್ಳೆಯ ಕಾಳೂ ದೂಳಿನ ಬೆನ್ನಿಗೇ ಹೊರಟುಬಿಡುತ್ತದೆ.

"ಇದು ಗೆರಟೆ ಹುಡಿ. ತೆಂಗಿನಕಾಯಿಯ ಗೆರಟೆ, ಅಂದ್ರೆ ಚಿಪ್ಪನ್ನು, ಮಿಲ್ಲಿನಲ್ಲಿ ಹುಡಿ ಮಾಡಿಸಿ ತರ್ತಾರೆ. ಜರಡಿ ಹಿಡಿಯುವುದು, ಕೇರುವುದು, ಒಣಗಿಸುವುದು ನನ್ನ ಕೆಲಸ," ಎನ್ನುತ್ತಾರೆ ಐವತ್ತೆರಡರ ಕಿನ್ನಿ. ಗೆರಸೆ ನಿಲ್ಲುವುದಿಲ್ಲ. "ಆಮೇಲೆ ಇದು ಶನಿಯ ಚಂದ್ರನ ಮರಳು ಆಗ್ತದೆ."

ಹೇಳಿ ನಗುತ್ತಾರೆ. ಮೊದಲ ಸಲ ಈ ಮಾತು ಕೇಳಿದಾಗ ಅವರಿಗೆ ನಗು ಬಂದಿರಲಿಲ್ಲ.

ತೊಕ್ಕೊಟ್ಟು ಜಂಕ್ಷನ್ನಿನ ಹಿಂದೆ, ಎರಡು ಕೋಣೆಯ ಮನೆ ಅವರದು. ಅಪ್ಪ ನೇತ್ರಾವತಿಯ ದಂಡೆಯಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದರು. ಗದ್ದೆಗೆ ಮಣ್ಣು ಬಿದ್ದು ಫ್ಲ್ಯಾಟು ಎದ್ದ ಮೇಲೆ ಕಿನ್ನಿ ಅಕ್ಕಿ ಮಿಲ್ಲಿಗೆ ಸೇರಿದರು. ಕುಚ್ಚಲಕ್ಕಿ ಕೇರುವ ಹನ್ನೊಂದು ಹೆಂಗಸರಲ್ಲಿ ಒಬ್ಬರಾಗಿ ಹತ್ತೊಂಬತ್ತು ವರ್ಷ. ಯಂತ್ರ ಬಂತು, ಹನ್ನೊಂದು ಗೆರಸೆಗಳೂ ಮೂಲೆ ಸೇರಿದವು. ಮಗಳು ಮೋಕ್ಷಾ ಹಂಪನಕಟ್ಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರುವವರೆಗೂ ಮನೆ ಕಿನ್ನಿಯೊಬ್ಬರ ದುಡಿಮೆಯಲ್ಲೇ ನಡೆಯಿತು. ಆರು ವರ್ಷಗಳ ಹಿಂದೆ ಸುಜಿತ್ ಎಂಬ ಗುತ್ತಿಗೆದಾರ ಅವರನ್ನು ನಗರದ ಪೂರ್ವಕ್ಕಿರುವ ಈ ಖಾಸಗಿ ಕಾಲೇಜಿನಲ್ಲಿ ಗುಡಿಸುವ ಕೆಲಸಕ್ಕೆ ಹಾಕಿದರು. ಹಾಕುವಾಗ ಹೇಳಿದ ಮಾತು ಒಂದೇ: "ಲ್ಯಾಬಿನಲ್ಲಿ ಎಂತದ್ದನ್ನೂ ಮುಟ್ಬೇಡಿ. ಒಂದು ಒಡೆದರೂ ನಿಮ್ಮ ಕೆಲಸ ಹೋಗ್ತದೆ."

ಎರಡು ವರ್ಷ ಅವರು ಏನನ್ನೂ ಮುಟ್ಟಲಿಲ್ಲ. ಬೆಂಚಿನ ಕಾಲುಗಳ ಸುತ್ತ ಪೊರಕೆ ಓಡಿಸಿ, ಬಕೆಟ್ಟು ಎತ್ತಿಕೊಂಡು ಹೊರಟುಬಿಡುತ್ತಿದ್ದರು.

ಒಂದು ಬೆಳಗ್ಗೆ ಹಿಂದಿನ ಉಗ್ರಾಣದ ಗೋಡೆಯ ಮೇಲೆ ಹೊಸ ಚಿತ್ರವೊಂದು ಕಂಡಿತು. ಮರಳಿನ ಸಣ್ಣ ಸಣ್ಣ ಅಲೆಗಳು, ಒಂದರ ಹಿಂದೆ ಒಂದು. ಸಂಶೋಧನೆ ಮಾಡಲು ಹೊಸತಾಗಿ ಬಂದಿದ್ದ ಅನಘ ಅದನ್ನು ಅಂಟಿಸುತ್ತಿದ್ದರು. ಶಕ್ತಿನಗರದ ಹುಡುಗಿ. ತಂದೆ ದೇವಸ್ಥಾನದ ಅರ್ಚಕರು, ತಾಯಿ ಗಿರಿಜಾ ಶಾಲೆಯ ಟೀಚರು.

"ಇದು ಸೋಮೇಶ್ವರದ್ದಾ ಮೇಡಂ, ಉಳ್ಳಾಲದ್ದಾ?" ಕಿನ್ನಿ ಕೇಳಿದರು.

"ಇದು ಮಂಗಳನದ್ದು."

"ಮಂಗಳೂರಿನದ್ದೇ ಅಲ್ವಾ, ನಾನು ಕೇಳಿದ್ದು ಯಾವ ಬೀಚಿನದ್ದು ಅಂತ."

"ಮಂಗಳೂರಲ್ಲ ಕಿನ್ನಿಯಕ್ಕ, ಮಂಗಳ ಗ್ರಹ."

ಕಿನ್ನಿಯ ಕೈಯಲ್ಲಿದ್ದ ಪೊರಕೆ ಕೆಳಗೆ ಬಿತ್ತು. ದಿನಾ ಸಂಜೆ ಕಾಣುವ ಕಡಲ ಕರೆಯ ಮರಳು ಆಕಾಶದಲ್ಲಿ ಹೇಗೆ ಹೋಗಿ ಕೂತಿತು? ಅಲ್ಲಿ ಗಾಳಿ ಉಂಟಾ ಎಂದು ಕೇಳಿದರು. ಉಂಟು, ಆದರೆ ನಮ್ಮ ಗಾಳಿಯ ನೂರರಲ್ಲಿ ಒಂದು ಪಾಲಿನಷ್ಟು ತೆಳು ಎಂದರು ಅನಘ. ಅಷ್ಟು ತೆಳುಗಾಳಿಯೇ ಅಲ್ಲಿ ಮರಳನ್ನು ಅಲೆಅಲೆಯಾಗಿ ಜೋಡಿಸುತ್ತದೆ. ಸಾವಿರಾರು ವರ್ಷ ಒಂದೇ ದಿಕ್ಕಿನಿಂದ ಉಜ್ಜಿ ಉಜ್ಜಿ ಬಂಡೆಯನ್ನು ಮಗುಚಿ ಹಾಕಿದ ದೋಣಿಯ ಹಾಗೆ ಕೆತ್ತುತ್ತದೆ. ಫೋನಿನಲ್ಲಿ ಆ ಬಂಡೆಗಳ ಚಿತ್ರವನ್ನೂ ತೋರಿಸಿದರು. ಕಿನ್ನಿ ಅದನ್ನು ನೋಡಿ, ಮತ್ತೆ ಗೋಡೆಯ ಕಡೆ ತಿರುಗಿ, ಎಡದ ಮೂಲೆಯತ್ತ ಬೆರಳು ಮಾಡಿದರು.

"ಇಲ್ಲಿ ಗಾಳಿ ಬಂದದ್ದು ಈ ಕಡೆಯಿಂದ. ಏರುವ ಬದಿ ಸಪಾಟು ಉಂಟಲ್ಲ? ಇಳಿಯುವ ಬದಿ ಕಡಿದು ಬೀಳ್ತದೆ. ಗೆರಸೆಯಲ್ಲೂ ಹಾಗೆಯೇ ಆಗುವುದು."

ಈ ಸಲ ಬೆಚ್ಚಿಬಿದ್ದದ್ದು ಅನಘ. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಅರ್ಧ ಗಂಟೆ ಹೇಳಿದರೂ ತಲೆಗೆ ಹತ್ತದ್ದನ್ನು ಗುಡಿಸುವ ಹೆಂಗಸು ಒಂದು ನೋಟದಲ್ಲಿ ಓದಿಬಿಟ್ಟಿದ್ದರು. ವಾರದೊಳಗೆ ವಿಭಾಗದ ಮುಖ್ಯಸ್ಥ ವಿಷ್ಣುಮೂರ್ತಿ ಸರ್ ಹತ್ತಿರ ಮಾತಾಡಿ, ಕಿನ್ನಿಯನ್ನು ಬೆಳಗಿನ ಹೊತ್ತು ತನ್ನ ಪ್ರಯೋಗ ನಡೆಯುವ ಆ ಉಗ್ರಾಣಕ್ಕೆ ಕರೆಸಿಕೊಂಡರು.

ಅಲ್ಲಿ ವರ್ಕ್‌ಶಾಪಿನ ವಾಲ್ಟರ್ ಪ್ಲೈವುಡ್ಡು, ಗಾಜು ಸೇರಿಸಿ ಹನ್ನೆರಡು ಅಡಿ ಉದ್ದದ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟಿದ್ದರು. ಒಂದು ತುದಿಯಲ್ಲಿ ದೊಡ್ಡ ಫ್ಯಾನು. ಒಳಗೆ ಹುಡಿ ಹರಡಿ, ಫ್ಯಾನಿನ ವೇಗವನ್ನು ಚೂರುಚೂರೇ ಏರಿಸಬೇಕು. ಯಾವ ವೇಗಕ್ಕೆ ಕಾಳುಗಳು ನೆಲ ಬಿಟ್ಟು ಏಳುತ್ತವೆ ಎಂದು ಬರೆದುಕೊಳ್ಳಬೇಕು. ಅನಘ ಹುಡುಕುತ್ತಿದ್ದದ್ದು ಟೈಟನ್‌ಗೆ ಸೇರಿದ ಉತ್ತರ. ಟೈಟನ್ ಎಂದರೆ ಕಿನ್ನಿಗೆ ಗೊತ್ತಿದ್ದದ್ದು ಕೈಗಡಿಯಾರ. ಅದು ಶನಿಯನ್ನು ಸುತ್ತುವ ಚಂದ್ರ ಎಂದಾಗ ಎರಡು ಹೆಜ್ಜೆ ಹಿಂದೆ ಸರಿದರು.

"ಶನಿಯದ್ದಾ? ಬೇಡ ಮೇಡಂ. ನಾನು ಗುಡಿಸಿಕೊಂಡೇ ಇರ್ತೇನೆ."

ಅರ್ಚಕರ ಮಗಳು ನಕ್ಕು, ಶನಿವಾರ ಎರಡು ಎಳ್ಳೆಣ್ಣೆ ದೀಪ ತನ್ನ ಲೆಕ್ಕದಲ್ಲಿ ಹಚ್ಚಿಸುವುದಾಗಿ ಮಾತು ಕೊಟ್ಟ ಮೇಲೆಯೇ ಕಿನ್ನಿ ಒಪ್ಪಿದ್ದು.

ಆ ಚಂದ್ರನ ಸೊಂಟದ ಸುತ್ತ ನೂರಾರು ಕಿಲೋಮೀಟರ್ ಉದ್ದದ ಕಡುಕಂದು ಮರಳಿನ ದಿಣ್ಣೆಗಳಿವೆ. ಮೂವತ್ತು ಮಹಡಿಯ ಕಟ್ಟಡದಷ್ಟು ಎತ್ತರ. ಅಲ್ಲಿನ ಗಾಳಿ ನಮ್ಮದಕ್ಕಿಂತ ದಪ್ಪ, ನೆಲದ ಸೆಳೆತ ನಮ್ಮದರ ಏಳನೇ ಒಂದು ಪಾಲು, ಮರಳಿನ ಕಾಳು ಕಲ್ಲಿನದ್ದಲ್ಲ, ಆಕಾಶದಿಂದ ಉದುರಿದ ಮಸಿಯಂಥ ಪದಾರ್ಥದ್ದು, ಹಗುರ. ಅದಕ್ಕೇ ಇಲ್ಲಿ ಹಗುರವಾದ ಗೆರಟೆ ಹುಡಿ. ಇಲ್ಲಿ ಸಿಕ್ಕ ವೇಗವನ್ನು ಅಲ್ಲಿನ ಗಾಳಿಗೆ, ಸೆಳೆತಕ್ಕೆ ಹೊಂದಿಸುವ ಲೆಕ್ಕ ಅನಘರದ್ದು. ನೆಲದ ಹತ್ತಿರ ಅಲ್ಲಿ ಗಾಳಿ ಬೀಸುವುದು ತೀರಾ ಮೆಲ್ಲಗಂತೆ, ನಾವು ನಡೆಯುವ ವೇಗದಲ್ಲಿ. ಅಷ್ಟು ಸಾಧು ಗಾಳಿ ಅಷ್ಟು ದೊಡ್ಡ ದಿಣ್ಣೆ ಕಟ್ಟಿದ್ದಾದರೂ ಹೇಗೆ? ಮರಳು ಹೊರಡಲು ಎಷ್ಟು ಗಾಳಿ ಬೇಕೆಂದು ಗೊತ್ತಾಗದೆ ಈ ಪ್ರಶ್ನೆಗೆ ಉತ್ತರವಿಲ್ಲ.

ಎರಡು ವರ್ಷ ಅಳತೆ ನಡೆಯಿತು. ಒಟ್ಟು ಇನ್ನೂರ ಇಪ್ಪತ್ತನಾಲ್ಕು ಸಲ ಫ್ಯಾನು ತಿರುಗಿತು. ಹೆಚ್ಚಿನ ಸಲ ಹುಡಿ ಎದ್ದದ್ದು ಸೆಕೆಂಡಿಗೆ ಐದು ಮೀಟರಿನ ಮೇಲೆ, ಪುಸ್ತಕದ ಹಳೆಯ ಸೂತ್ರ ಹೇಳಿದ್ದಕ್ಕಿಂತ ಬಹಳ ಹೆಚ್ಚು. ನಲವತ್ತೊಂದು ಸಲ ಮಾತ್ರ ನಾಲ್ಕರ ಆಸುಪಾಸಿನಲ್ಲೇ ಎದ್ದುಬಿಟ್ಟಿತ್ತು. ಏನೋ ತಪ್ಪಿರಬೇಕೆಂದು ಅನಘ ಆ ನಲವತ್ತೊಂದನ್ನು ಅಡ್ಡಗೆರೆ ಎಳೆದು ತೆಗೆದುಹಾಕಿದರು. ಉಳಿದದ್ದರ ಮೇಲೆ ಪ್ರಬಂಧ ಎದ್ದುನಿಂತಿತು: ಟೈಟನ್ನಿನ ದಿನನಿತ್ಯದ ಗಾಳಿಗೆ ಅಲ್ಲಿನ ಮರಳು ಅಲುಗುವುದೇ ಇಲ್ಲ, ದಿಣ್ಣೆಗಳನ್ನು ಕಟ್ಟಿದ್ದು ಎಲ್ಲೋ ವರ್ಷಗಳಿಗೊಮ್ಮೆ ಬರುವ ಭಾರೀ ಬಿರುಗಾಳಿ ಮಾತ್ರ. ವಿಷ್ಣುಮೂರ್ತಿ ಸರ್ ಖುಷಿಯಲ್ಲಿದ್ದರು. ಪ್ರಬಂಧ ಒಪ್ಪಿಸುವ ಮೊದಲು ಹೊರಗಿನಿಂದ ಇಬ್ಬರು ಪ್ರಾಧ್ಯಾಪಕರು ಬಂದು ಪ್ರಯೋಗ ನೋಡುವುದೆಂದು ದಿನ ಗೊತ್ತಾಯಿತು. ಅದು ಎರಡು ವರ್ಷಗಳ ಹಿಂದಿನ ಆಟಿ ತಿಂಗಳು, ತುಳುವರ ಆಷಾಢ. ಬೆಂಕಿಕಡ್ಡಿ ಗೀರಿದರೆ ಹತ್ತದಂಥ ಮಳೆ.

ದೊಡ್ಡವರು ಬರುತ್ತಾರೆ, ಹುಡಿ ಚೊಕ್ಕ ಇರಲಿ ಎಂದು ಕಿನ್ನಿಗೆ ತೋರಿತು. ಬಿಸಿಲಿಲ್ಲ. ಕ್ಯಾಂಟೀನಿನ ಅಹ್ಮದ್ ಬಾವ ದೋಸೆ ಮುಗಿಸಿದ ಮೇಲೆ ದೊಡ್ಡ ಕಾವಲಿ ಖಾಲಿ ಇರುತ್ತದೆ. ಎರಡು ದಿನ ಅದರ ಮೇಲೆ ಕಾಗದ ಹಾಸಿ, ಸಣ್ಣ ಉರಿಯಲ್ಲಿ ಹುಡಿಯನ್ನು ಬೆಚ್ಚಗೆ ಮಾಡಿ ಒಣಗಿಸಿದರು. ಕಾರ್ಯಕ್ರಮದ ಹೊತ್ತಿಗೆ ನೇರ ತಂದು ಪೆಟ್ಟಿಗೆಯೊಳಗೆ ಹರಡಿದರು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅನಿಸಲೂ ಇಲ್ಲ.

ಅನಘ ಮಾತು ಮುಗಿಸಿ ಫ್ಯಾನು ಹಾಕಿದರು. "ಈಗ ನೋಡಿ ಸರ್, ಐದು ದಾಟುವವರೆಗೆ ಒಂದು ಕಾಳೂ ಅಲ್ಲಾಡುವುದಿಲ್ಲ."

ಗಾಳಿಯ ವೇಗ ಅಳೆಯುವ ಮೀಟರು ಮೂರು ತೋರಿಸಿತು. ಮೂರೂವರೆ. ಮೂರು ಪಾಯಿಂಟ್ ಒಂಬತ್ತಕ್ಕೆ ಇಡೀ ಹಾಸು ಬುಸ್ಸೆಂದು ಎದ್ದಿತು.

ಗಾಜಿನ ಹಿಂದೆ ಕಂದು ಹೊಗೆ ತುಂಬಿಕೊಂಡಿತು. ಅನಘರ ಮುಖದಲ್ಲಿ ರಕ್ತವೇ ಇರಲಿಲ್ಲ ಎಂದು ಕಿನ್ನಿ ಇವತ್ತಿಗೂ ಹೇಳುತ್ತಾರೆ. ಮತ್ತೊಮ್ಮೆ ಹರಡಿದರು, ಮತ್ತೊಮ್ಮೆ ಫ್ಯಾನು ಹಾಕಿದರು. ನಾಲ್ಕು.

ವಿಷ್ಣುಮೂರ್ತಿ ಸರ್ ಕೈ ಚಾಚಿ ಫ್ಯಾನು ಆರಿಸಿದರು. "ಮೀಟರ್ ಕೈಕೊಟ್ಟಿದೆ. ಈ ಮಳೆಯಲ್ಲಿ ಇಂಥದ್ದೆಲ್ಲ ಆಗ್ತದೆ. ಬನ್ನಿ, ಚಾ ಕುಡಿಯುವ. ರೀಡಿಂಗ್ಸ್ ಎಲ್ಲ ಫೈಲಿನಲ್ಲಿ ಉಂಟು."

ಬಂದವರು ತಲೆಯಾಡಿಸಿ ಬಾಗಿಲ ಕಡೆ ತಿರುಗಿದರು. ಅನಘ ಕೂಡ ತಿರುಗಿದರು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲ ಪಕ್ಕದಲ್ಲಿ ಗೆರಸೆ ಹಿಡಿದು ನಿಂತಿದ್ದ ಕಿನ್ನಿಗೆ ಸುಜಿತ್ ಹೇಳಿದ ಮಾತು ಕಿವಿಯಲ್ಲಿ ಕೂಗುತ್ತಿತ್ತು. ಆದರೂ ಬಾಯಿ ಮಾತ್ರ ತಾನಾಗಿ ತೆರೆಯಿತು.

"ಮೀಟರು ಸರಿ ಉಂಟು ಸರ್. ಹುಡಿಯನ್ನು ನಾನು ಒಣಗಿಸಿದ್ದು."

ಎಲ್ಲರೂ ನಿಂತರು. ಬಂದವರಲ್ಲಿ ಹಿರಿಯರು ಹತ್ತಿರ ಬಂದು ಕೇಳಿದರು, "ಹಾಗಾದರೆ ಅಮ್ಮ, ಇಷ್ಟು ದಿನ?"

"ಇಷ್ಟು ದಿನ ಪಸೆ ಇತ್ತು ಸರ್. ಮಳೆಗಾಲದಲ್ಲಿ ಈ ಹುಡಿ ಗೆರಸೆಯಲ್ಲೇ ಏಳುವುದಿಲ್ಲ. ಒಂದಕ್ಕೊಂದು ಅಂಟಿಕೊಳ್ತದೆ. ಬೇಸಗೆಯಲ್ಲಿ ನಾನು ಟೆರೇಸಿನಲ್ಲಿ ಹಾಕ್ತೇನಲ್ಲ, ಆಗ ಹಗುರ ಆಗ್ತದೆ."

ಅನಘ ಫೈಲು ತೆಗೆದು, ಅಡ್ಡಗೆರೆ ಎಳೆದ ಪುಟಗಳ ತಾರೀಕುಗಳ ಮೇಲೆ ಬೆರಳು ಓಡಿಸಿದರು. ಜನವರಿ, ಫೆಬ್ರವರಿ, ಫೆಬ್ರವರಿ, ಮಾರ್ಚ್. ಬೆರಳು ಅಲ್ಲೇ ನಿಂತಿತು. ಕಸವೆಂದು ಬಿಸಾಡಿದ ನಲವತ್ತೊಂದು ಅಳತೆಗಳೇ ಸರಿ. ಇಟ್ಟುಕೊಂಡ ನೂರ ಎಂಬತ್ತಮೂರರಲ್ಲಿ ಅಳೆದದ್ದು ಟೈಟನ್ನಿನ ಗಾಳಿಯನ್ನಲ್ಲ, ಮಂಗಳೂರಿನ ತೇವವನ್ನು.

"ಹುಡಿ ತುಂಬಿಡುವ ಡಬ್ಬ ಮುಚ್ಚಿಯೇ ಇತ್ತಲ್ಲ, ಒಣಗಿಯೇ ಇರುತ್ತದೆ ಅಂದುಕೊಂಡೆ," ಎನ್ನುತ್ತಾರೆ ಅನಘ. "ತೇವ ಡಬ್ಬದ ಒಳಗೇ ಇತ್ತು. ಮುಚ್ಚಿ ಅದನ್ನು ಕಾಪಾಡಿದ್ದು ನಾನೇ."

ಅವತ್ತು ಅತಿಥಿಗಳು ಹೋದ ಮೇಲೆ ಅವರು ಕಿನ್ನಿಯ ಮೇಲೆ ಎರಗಿದ್ದರು. "ಎರಡು ವರ್ಷ ಯಾಕೆ ಹೇಳಲಿಲ್ಲ ನೀವು?"

"ನೀವು ಕೇಳಲಿಲ್ಲ ಮೇಡಂ."

ಅನಘ ಬ್ಯಾಗು ತೆಗೆದುಕೊಂಡು ಹೊರಟುಹೋದರು. ಕಿನ್ನಿ ಪೆಟ್ಟಿಗೆಯೊಳಗಿನ ಹುಡಿ ಗುಡಿಸಿ, ಗಾಜು ಒರೆಸಿ, ಬೀಗ ಹಾಕಿದರು. ತೊಕ್ಕೊಟ್ಟಿನ ಬಸ್ಸಿನಲ್ಲಿ ಕೂತಾಗ ಸೇತುವೆಯ ಕೆಳಗೆ ನೇತ್ರಾವತಿ ಕೆಂಪಾಗಿ ಹರಿಯುತ್ತಿತ್ತು. ಅವರಿಗೆ ಅದು ಕಾಣಲಿಲ್ಲ. "ಒಂದು ಮಾತಿನಲ್ಲಿ ಆ ಹುಡುಗಿಯ ಎರಡು ವರ್ಷ ತೊಳೆದು ಹಾಕಿದೆ ಅಂತಲೇ ತಲೆಯಲ್ಲಿ. ಇಳಿಯುವ ಸ್ಟಾಪು ಕೂಡ ತಪ್ಪಿಹೋಯ್ತು," ಎನ್ನುತ್ತಾರೆ.

ಸಂಜೆ ಮೋಕ್ಷಾ ಬಂದಾಗ ಅಮ್ಮ ಒಲೆ ಹಚ್ಚಿರಲಿಲ್ಲ. ವಿಷಯ ಕೇಳಿ ಮಗಳು ಹೊಸ್ತಿಲಲ್ಲೇ ಕೂತಳು. "ನಿಮಗೆ ಎಂತ ಬೇಕಿತ್ತಮ್ಮ? ಸರ್ರೇ ಮೀಟರ್ ಹಾಳು ಅಂದ್ರಲ್ಲ, ಬಿಡ್ಬಾರ್ದಿತ್ತಾ?"

"ಹಾಳಾಗದ್ದನ್ನು ಹಾಳು ಅನ್ನುವುದು ಹೇಗೆ ಮಾರಾಯ್ತಿ?"

ಮರುದಿನ ಅನಘ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸುಜಿತ್ ಫೋನು ಮಾಡಿ, ತಿಂಗಳ ಕೊನೆಗೆ ಬೇರೆ ಕಡೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು ಎಂದರು. ಕಾಲೇಜಿನಿಂದ ಯಾರೋ ದೂರು ಹೇಳಿದ್ದಿರಬೇಕು. ಐದನೆಯ ದಿನ ಕಿನ್ನಿ ಕೆಲಸ ಮುಗಿಸಿ, ತೊಕ್ಕೊಟ್ಟಿನ ಬಸ್ಸು ಬಿಟ್ಟು ಶಕ್ತಿನಗರದ ಬಸ್ಸು ಹತ್ತಿದರು. ಮನೆ ಗೊತ್ತಿರಲಿಲ್ಲ. ಅರ್ಚಕರ ಮನೆ ಯಾವುದೆಂದು ಮೂರು ಕಡೆ ಕೇಳಿಕೊಂಡು ಹೋಗಿ ಗೇಟಿನ ಹತ್ತಿರ ಛತ್ರಿ ಹಿಡಿದು ನಿಂತರು. ಒಳಗೆ ಹೋಗಲು ಧೈರ್ಯ ಬರಲಿಲ್ಲ.

ಬಾಗಿಲು ತೆಗೆದದ್ದು ಗಿರಿಜಾ ಟೀಚರು. ಬೈಗುಳಕ್ಕೆ ತಯಾರಾಗಿ ಕಿನ್ನಿ ತಲೆ ತಗ್ಗಿಸಿದರು.

"ಕಿನ್ನಿ ಅಂದ್ರೆ ನೀವಾ?" ಟೀಚರು ಕೇಳಿದರು. "ಮಳೆಯಲ್ಲಿ ಯಾಕೆ ನಿಂತದ್ದು, ಒಳಗೆ ಬನ್ನಿ. ಐದು ದಿನದಿಂದ ಇವಳ ಬಾಯಲ್ಲಿ ನಿಮ್ಮದೇ ಹೆಸರು."

ಚಾವಡಿಯಲ್ಲಿ ಅನಘ ನೆಲದ ತುಂಬ ಕಾಗದ ಹರಡಿಕೊಂಡು ಕೂತಿದ್ದರು. ಕಣ್ಣು ಊದಿತ್ತು. ಪಕ್ಕದಲ್ಲಿ ಅಡುಗೆಮನೆಯ ತಕ್ಕಡಿ, ಎರಡು ಬಟ್ಟಲಲ್ಲಿ ಗೆರಟೆ ಹುಡಿ. ಕಿನ್ನಿ ತಪ್ಪಾಯಿತು ಎಂದು ಶುರು ಮಾಡುವ ಮೊದಲೇ ಅವರು ಕೈ ಹಿಡಿದು ಕೂರಿಸಿದರು.

"ತಪ್ಪಿನ ಮಾತು ಬೇಡ ಕಿನ್ನಿಯಕ್ಕ. ಅವತ್ತು ಲ್ಯಾಬಿನಿಂದ ಒಂದು ಡಬ್ಬ ತಂದಿದ್ದೆ, ಅದರ ಹುಡಿಯನ್ನು ಓವನ್ನಿನಲ್ಲಿಟ್ಟು ತೆಗೆದೆ. ನೂರು ಗ್ರಾಮಿನಲ್ಲಿ ಒಂಬತ್ತು ಗ್ರಾಂ ನೀರು ಇತ್ತು."

"ಒಂಬತ್ತಾ?" ಕಿನ್ನಿ ದಂಗಾಗಿಬಿಟ್ಟರು. ಪಸೆ ಇದೆಯೆಂದು ಗೊತ್ತಿತ್ತು, ಕೈಗೆ ಒಣಗಿದಂತೆಯೇ ಕಾಣುವ ಹುಡಿ ಅಷ್ಟು ನೀರು ಬಚ್ಚಿಟ್ಟುಕೊಂಡಿರುತ್ತದೆಂದು ಗೊತ್ತಿರಲಿಲ್ಲ.

"ಟೈಟನ್ನಿನಲ್ಲಿ ನೀರು ಕಲ್ಲಿನ ಹಾಗೆ ಹೆಪ್ಪುಗಟ್ಟಿರ್ತದೆ. ಮರಳಿಗೆ ಈ ಥರದ ಪಸೆ ಇಲ್ಲವೇ ಇಲ್ಲ. ನಾನು ಇಲ್ಲಿನ ಮಳೆಯನ್ನು ಅಲ್ಲಿಗೆ ಕಳಿಸಿದೆ." ಅನಘ ಹುಡಿಯ ಬಟ್ಟಲನ್ನು ಮುಂದೆ ಸರಿಸಿದರು. "ಮೊದಲಿನಿಂದ ಹೇಳಿ. ಒಣಗಿದೆ ಅಂತ ನಿಮಗೆ ಹೇಗೆ ಗೊತ್ತಾಗ್ತದೆ?"

ಕಿನ್ನಿ ಬಟ್ಟಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಣಗಿದ್ದರೆ ಸರಸರ ಎನ್ನುತ್ತದೆ, ಪಸೆ ಇದ್ದರೆ ಸದ್ದು ದಪ್ಪ. ಹಿಡಿಯಲ್ಲಿ ಹಿಚುಕಿ ಬಿಟ್ಟರೆ ಒಣಗಿದ್ದು ಬೆರಳ ಸಂದಿಯಿಂದ ಹರಿದುಹೋಗುತ್ತದೆ, ಇಲ್ಲದಿದ್ದರೆ ಮುಷ್ಟಿಯ ಗುರುತು ಒಂದು ಗಳಿಗೆ ನಿಲ್ಲುತ್ತದೆ. ಅನಘ ಎಲ್ಲವನ್ನೂ ಬರೆದುಕೊಂಡರು. ಗಿರಿಜಾ ಟೀಚರು ಕಾಫಿ ತಂದಿಟ್ಟದ್ದು ಇಬ್ಬರಿಗೂ ಗೊತ್ತಾಗಲಿಲ್ಲ, ಆರಿಹೋಯಿತು.

ಮರುದಿನ ಇಬ್ಬರೂ ಒಟ್ಟಿಗೆ ವಿಷ್ಣುಮೂರ್ತಿ ಸರ್ ಕೋಣೆಗೆ ಹೋದರು. ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಇನ್ನೊಂದು ವರ್ಷ ಬೇಕು ಎಂದರು ಅನಘ. ಸರ್ ಪ್ರಬಂಧದ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಮೀಟರು ಕೆಟ್ಟಿದೆ ಎಂದು ನಾಲ್ಕು ಜನರ ಮುಂದೆ ಅಂದವರು ಅವರೇ. ಕೊನೆಗೆ ಕಿನ್ನಿಯ ಕಡೆ ನೋಡಿದರು.

"ಸುಜಿತ್‌ಗೆ ನಾನು ಹೇಳ್ತೇನೆ. ನೀವು ಇನ್ನು ಗುಡಿಸ್ಬೇಡಿ ಕಿನ್ನಿ, ಲ್ಯಾಬಿನಲ್ಲೇ ಇರಿ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಅವತ್ತು ನಾನು ನೋಡದೆಯೇ ಹೇಳಿಬಿಟ್ಟೆ," ಎಂದರು.

ಅಲ್ಲಿಂದಾಚೆ ದಿನಚರಿ ಬದಲಾಯಿತು. ಐದೂ ಮುಕ್ಕಾಲಿನ ಬಸ್ಸು. ಮೂರು ಜರಡಿ, ನಾಲ್ಕು ಕಿಲೋ. ಬಿಸಿಲಿದ್ದರೆ ಟೆರೇಸು, ಇಲ್ಲದಿದ್ದರೆ ಓವನ್ನು. ಪ್ರತಿ ಡಬ್ಬದ ಮೇಲೂ ಒಣಗಿಸುವ ಮೊದಲಿನ ತೂಕ, ನಂತರದ ತೂಕ, ತಾರೀಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕಿನ್ನಿಯ ಅಂಕಿಗಳು ದುಂಡಗಿವೆ. ಕಳೆದ ವರ್ಷ ಹೊಸದಾಗಿ ನೂರ ತೊಂಬತ್ತಾರು ಸಲ ಫ್ಯಾನು ತಿರುಗಿತು. ಪ್ರತಿ ಸಲ ಹುಡಿ ಹರಡುವ ಮೊದಲು ಅನಘ ತಕ್ಕಡಿ ನೋಡುತ್ತಾರೆ, ಆಮೇಲೆ ಕಿನ್ನಿಯ ಮುಖ ನೋಡುತ್ತಾರೆ. ಕಿನ್ನಿ ಬೇಡ ಎಂದ ಒಂಬತ್ತು ಡಬ್ಬಗಳನ್ನು ತೂಕ ಸರಿಯಿದ್ದರೂ ಮತ್ತೆ ಒಣಗಿಸಲಾಯಿತು. ಅವುಗಳಲ್ಲಿ ಏಳರಲ್ಲಿ ತೇವ ಸಿಕ್ಕಿತು.

ಬಂದ ಉತ್ತರ ಮೊದಲಿನಷ್ಟು ಅಬ್ಬರದ್ದಲ್ಲ. ಟೈಟನ್ನಿನ ಮರಳು ತಾವು ಅಂದುಕೊಂಡಷ್ಟು ಮೊಂಡಲ್ಲ, ಚೂರು ಜೋರು ಗಾಳಿ ಬಂದರೂ ಅದು ಹೊರಡುತ್ತದೆ, ಅದಕ್ಕೆ ಮಹಾ ಬಿರುಗಾಳಿಯೇ ಬೇಕೆಂದಿಲ್ಲ ಎಂದು ಅನಘ ಹೊಸ ಪ್ರಬಂಧದಲ್ಲಿ ಬರೆದಿದ್ದಾರೆ. ಹಳೆಯ ತಪ್ಪಿನ ಕಥೆಯನ್ನೂ ಮುಚ್ಚಿಡದೆ ಒಂದು ಅಧ್ಯಾಯ ಮಾಡಿದ್ದಾರೆ. ಅದನ್ನು ಓದಿದ ಇನ್ನೊಂದು ಊರಿನ ಸಂಶೋಧಕರು, ನಮ್ಮ ಹುಡಿಯನ್ನೂ ಒಮ್ಮೆ ತೂಗಿ ನೋಡುತ್ತೇವೆ ಎಂದು ಪತ್ರ ಬರೆದಿದ್ದಾರಂತೆ.

ಈ ಏಪ್ರಿಲಿನಲ್ಲಿ ಲೇಖನವೊಂದು ಅಚ್ಚಾಯಿತು. ಕಾಗದ ತಂದು ಕಿನ್ನಿಯ ಕೈಗಿಟ್ಟರು ಅನಘ. ಮನೆಯಲ್ಲಿ ಮೋಕ್ಷಾ ಅದನ್ನು ಬೆಳಕಿಗೆ ಹಿಡಿದು ಓದಿದಳು. ಮೊದಲು ಅನಘ, ಆಮೇಲೆ ವಿಷ್ಣುಮೂರ್ತಿ. ಮೂರನೆಯ ಹೆಸರಿಗೆ ಬಂದಾಗ ಕಾಗದವನ್ನು ಕಣ್ಣಿನ ಹತ್ತಿರ ತಂದಳು. ಇನ್ನೊಮ್ಮೆ ಓದಿದಳು.

"ಅಮ್ಮ, ಇದು ನಿಮ್ಮ ಹೆಸರು."

ಕಿನ್ನಿ ನಂಬಲಿಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಮಗಳ ಬೆರಳು ಹಿಡಿದು ಒಂದೊಂದಾಗಿ ಓದಿಸಿದರು. "ನನಗೆ ಮೈಯೆಲ್ಲ ತಣ್ಣಗಾಯ್ತು," ಎನ್ನುತ್ತಾರೆ. "ಬೇರೆ ಯಾರಾದರೂ ಕಿನ್ನಿ ಇದ್ದಾರೋ ಅಂತ ಮರುದಿನ ಹೋಗಿ ಮೇಡಂ ಹತ್ತಿರ ಕೇಳಿದೆ. ಅವರು ನಗಾಡಿದ್ರು."

ಈಗ ಜಗಲಿಯ ಅಂಚಿಗೆ ಬಿಸಿಲು ಬಂದಿದೆ. ನಾಲ್ಕನೆಯ ಕಿಲೋ ಮುಗಿಯುತ್ತ ಬಂದಿದೆ. ಇನ್ನೇನಾದರೂ ಆಸೆ ಉಂಟಾ ಎಂದರೆ ಕಿನ್ನಿ ಗೆರಸೆಯನ್ನು ಮೊದಲ ಸಲ ಕೆಳಗಿಡುತ್ತಾರೆ.

"ರಾಜಸ್ಥಾನಕ್ಕೆ ಹೋಗುವ ರೈಲು ಕಂಕನಾಡಿ ಸ್ಟೇಷನ್ನಿನಲ್ಲಿ ನಿಲ್ತದಂತೆ. ಒಮ್ಮೆ ಹೋಗ್ಬೇಕು. ನಾನು ನಿಜವಾದ ಮರಳಿನ ದಿಣ್ಣೆ ನೋಡಿಯೇ ಇಲ್ಲ, ಗೊತ್ತುಂಟಾ? ಶನಿಯ ಹತ್ತಿರದ್ದು ಗೊತ್ತು, ನಮ್ಮ ದೇಶದ್ದು ಗೊತ್ತಿಲ್ಲ." ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. "ಒಂಟೆ ಎಲ್ಲ ಬೇಡ. ತುದಿಯಿಂದ ಮರಳು ಹೊರಡುವಾಗ ಒಮ್ಮೆ ಕೈ ಅಡ್ಡ ಹಿಡಿದು ನಿಲ್ಬೇಕು, ಅಷ್ಟೇ. ಎಷ್ಟು ಒಣಗಿದೆ ಅಂತ ನಾನೇ ಹೇಳ್ತೇನೆ. ಮೇಡಂ ಬರ್ಕೊಳ್ಳಲಿ."